ಮುದಿ ತಾರೆಗಳ ಬಿಸಿಯುಸಿರು

ಕನ್ಯಾರಾಶಿಯ ದಿಕ್ಕಿನಲ್ಲಿ, ಭೂಮಿಯಿಂದ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಎಂ 87 ಎಂಬ ಮಹಾ ಗೆಲಾಕ್ಸಿಯೊಂದಿದೆ. 1781ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸಿಯೆ ಅದನ್ನು ತನ್ನ ಪಟ್ಟಿಗೆ ಸೇರಿಸಿದನು. ನಮ್ಮ ಆಕಾಶಗಂಗೆಗಿರುವ ಸುರುಳಿ ಬಾಹುಗಳು ಅದಕ್ಕಿಲ್ಲ. ಇಂಥವುಗಳಿಗೆ ದೀರ್ಘವೃತ್ತೀಯ ಗೆಲಾಕ್ಸಿಗಳೆಂದು ಹೆಸರು. ಇವುಗಳಲ್ಲಿನ ನಕ್ಷತ್ರಗಳಲ್ಲಿ ಬಹುಪಾಲು ವೃದ್ಧ ತಾರೆಗಳು. ಹೊಸ ತಾರೆಗಳ ಜನನಕ್ಕೆ ಬೇಕಾದ ಅನಿಲವು ಇಲ್ಲಿ ಎಂದೋ ತೀರಿಹೋಗಿದೆಯೆಂದು ಖಗೋಳ ವಿಜ್ಞಾನಿಗಳು ಬಹುಕಾಲ ನಂಬಿದ್ದರು.

ಆದರೆ ಲೆಕ್ಕ ಮಾತ್ರ ಹೊಂದುತ್ತಿರಲಿಲ್ಲ. ಮುಪ್ಪಡಸಿದ ನಕ್ಷತ್ರವು ತನ್ನ ಮೈಯ ಅನಿಲವನ್ನು ಹೊರಕ್ಕೆ ಚೆಲ್ಲುತ್ತದೆ. ನೂರಾರು ಕೋಟಿ ವರ್ಷಗಳಿಂದ ಹೀಗೆ ಚೆಲ್ಲಿದ ಅನಿಲವೆಲ್ಲ ಎಲ್ಲಿ ಹೋಯಿತು?

ಅದು ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಕಣ್ಣಿಗೆ ಕಾಣದ ರೂಪದಲ್ಲಿತ್ತು. ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಚಲಿಸುವ ತಾರೆಗಳಿಂದ ಹೊರಟ ಅನಿಲವು ಪರಸ್ಪರ ತಾಕಲಾಡಿ, ಸಿಡಿಯುವ ತಾರೆಗಳ ಹೊಡೆತಕ್ಕೂ ಸಿಕ್ಕಿ, ಕೋಟಿ ಡಿಗ್ರಿಯವರೆಗೂ ಕಾಯುತ್ತದೆ. ಅಷ್ಟು ಕಾದ ಅನಿಲವು ಹೊಮ್ಮಿಸುವುದು ಬಹುಮಟ್ಟಿಗೆ ಕ್ಷ-ಕಿರಣಗಳನ್ನು. ಭೂಮಿಯ ವಾಯುಮಂಡಲವು ಆ ಕಿರಣಗಳನ್ನು ನೆಲಮುಟ್ಟಗೊಡುವುದಿಲ್ಲ. ಆದುದರಿಂದ ದೂರದರ್ಶಕವೇ ವಾಯುಮಂಡಲವನ್ನು ದಾಟಿ ಮೇಲೇರಬೇಕಾಯಿತು.

1962ರ ಜೂನಿನಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ಹಾರಿಸಿದ ರಾಕೆಟ್ಟು, ಸೌರವ್ಯೂಹದ ಹೊರಗಿನಿಂದ ಬರುವ ಕ್ಷ-ಕಿರಣಗಳನ್ನು ಮೊದಲಬಾರಿಗೆ ಪತ್ತೆಮಾಡಿತು. ಈ ಸಾಹಸಪರಂಪರೆಗಾಗಿ ಅವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕ್ಷ-ಕಿರಣವು ನೇರವಾಗಿ ಬಿದ್ದರೆ ಕನ್ನಡಿಯಲ್ಲಿಯೇ ಇಂಗಿಹೋಗುತ್ತದೆ. ಕೆರೆಯ ನೀರಿಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಮುಳುಗದೆ ಚಿಮ್ಮುವಂತೆ, ಕನ್ನಡಿಯ ಮೈಯನ್ನು ಸವರಿಕೊಂಡು ಬಂದರೆ ಮಾತ್ರ ಪ್ರತಿಫಲಿಸುತ್ತದೆ. ಈ ತತ್ತ್ವದ ಮೇಲೆ ರಚಿತವಾದ ಐನ್‌ಸ್ಟೈನ್ ವೀಕ್ಷಣಾಲಯವು 1978ರಲ್ಲಿ ಆಕಾಶಕ್ಕೇರಿತು. ಅದರ ಚಿತ್ರಗಳನ್ನು ಪರಿಶೀಲಿಸಿದ ಫೋರ್ಮನ್, ಜೋನ್ಸ್ ಮತ್ತು ಟಕರ್ ಎಂಬ ವಿಜ್ಞಾನಿಗಳು, ಅನೇಕ ದೀರ್ಘವೃತ್ತೀಯ ಗೆಲಾಕ್ಸಿಗಳ ಸುತ್ತ ಬಿಸಿ ಅನಿಲದ ಆವರಣವಿರುವುದನ್ನು 1985ರಲ್ಲಿ ಪ್ರಕಟಿಸಿದರು.

ಈ ಅನಿಲವು ಗೆಲಾಕ್ಸಿಯನ್ನು ತೂಗುವ ತಕ್ಕಡಿಯೂ ಆಯಿತು. ಇಷ್ಟು ಬಿಸಿಯಾದ ಅನಿಲವು ಚದುರಿಹೋಗದಂತೆ ಹಿಡಿದಿಡಲು ಅಪಾರವಾದ ಗುರುತ್ವ ಬೇಕು. ಕಾಣುವ ತಾರೆಗಳ ಗುರುತ್ವ ಅದಕ್ಕೆ ಸಾಲದು. ಎಂ 87ರಲ್ಲಿ ತಾರೆಗಳಿಗಿಂತ ಹಲವು ಪಟ್ಟು ಅಧಿಕವಾದ ಅದೃಶ್ಯ ದ್ರವ್ಯವು ಅಡಗಿದೆಯೆಂಬುದು ಹೀಗೆ ಸಿದ್ಧವಾಯಿತು.

ಆದರೂ ಇನ್ನೊಂದು ಒಗಟು ಉಳಿದಿತ್ತು. ಕಿರಣ ಬೀರುವ ಅನಿಲವು ಶಾಖವನ್ನು ಕಳೆದುಕೊಂಡು ತಣಿಯಬೇಕು. ತಣಿದು ಕುಸಿದು ಹೊಸ ತಾರೆಗಳಾಗಬೇಕು. ಹಾಗೇಕೆ ಆಗುತ್ತಿಲ್ಲ? 1999ರ ಜುಲೈ ತಿಂಗಳಲ್ಲಿ, ಭಾರತದಲ್ಲಿ ಹುಟ್ಟಿ ಬೆಳೆದ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತು ಮೇಲೇರಿದ ಚಂದ್ರ ದೂರದರ್ಶಕವು ಇದಕ್ಕೆ ಸುಳಿವು ಕೊಟ್ಟಿತು. ಎಂ 87ರ ಅನಿಲದಲ್ಲಿ ಗುಳ್ಳೆಗಳಂಥ ಪೊಳ್ಳುಗಳೂ ಅಲೆಯುಂಗುರಗಳೂ ಅದರ ಚಿತ್ರಗಳಲ್ಲಿ ಮೂಡಿದವು. ಕೇಂದ್ರದಲ್ಲಿರುವ, ಸೂರ್ಯನ ಸುಮಾರು 650 ಕೋಟಿ ಪಟ್ಟು ತೂಕದ ಕಪ್ಪು ಕುಳಿಯ ಕಡೆಯಿಂದ ಚಿಮ್ಮುವ ಧಾರೆಯೇ ಅವುಗಳಿಗೆ ಕಾರಣ. ಹಾಲು ಉಕ್ಕಿದೊಡನೆ ಗೃಹಿಣಿಯು ಒಲೆಯ ಉರಿಯನ್ನು ತಗ್ಗಿಸುತ್ತಾಳೆ. ಅಡಗಿದರೆ ಮತ್ತೆ ಏರಿಸುತ್ತಾಳೆ. ಇಲ್ಲಿಯೂ ಹಾಗೆಯೇ: ಅನಿಲ ತಣಿದು ಕುಳಿಗೆ ಬಿದ್ದರೆ ಧಾರೆ ಪ್ರಬಲಿಸಿ ಅನಿಲವನ್ನು ಕಾಯಿಸುತ್ತದೆ, ಅನಿಲ ಕಾದರೆ ಕುಳಿಗೆ ಆಹಾರ ತಪ್ಪಿ ಧಾರೆ ತಗ್ಗುತ್ತದೆ.

ಈ ಶಾಖವು ಅನಿಲದೊಳಗೆ ಹರಡುವ ಬಗೆ ಯಾವುದು? ಅದನ್ನರಿಯಲು ಅನಿಲದ ಚಲನೆಯನ್ನೇ ಅಳೆಯಬೇಕು. ಜಪಾನಿನ ಹಿಟೊಮಿ ಉಪಗ್ರಹವು 2016ರ ಫೆಬ್ರವರಿಯಲ್ಲಿ ಹಾರಿ, ಪರ್ಸಿಯಸ್ ಗೆಲಾಕ್ಸಿ ಗುಚ್ಛದ ನಡುವಣ ಅನಿಲದ ಕದಲಿಕೆಯನ್ನು ಸೆಕೆಂಡಿಗೆ ಸುಮಾರು 164 ಕಿಲೋಮೀಟರೆಂದು ಅಳೆಯಿತು. ಮುಂದಿನ ತಿಂಗಳೇ ಅದು ಹತೋಟಿ ತಪ್ಪಿ ಗಿರಗಿರನೆ ಸುತ್ತಿ ಒಡೆದುಹೋಯಿತು. ಅದರ ನಿರ್ಮಾತೃಗಳು ಕೈಕಟ್ಟಿ ಕೂಡಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದೇ ಬಗೆಯ ಉಪಕರಣವನ್ನು ಹೊತ್ತ ಕ್ರಿಸಮ್ ಆಕಾಶಕ್ಕೇರಿ, ನಿಂತ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿತು.