ತಲೆಯೊಳಗಿನ ತಂತಿ ಮನಸ್ಸನ್ನು ಆಳಬಲ್ಲದೇ?

ಖಳನಾಯಕ ಗುಂಡಿ ಒತ್ತುತ್ತಾನೆ. ಎಲ್ಲೋ ದೂರದಲ್ಲಿರುವ ಅಮಾಯಕನೊಬ್ಬ ಎದ್ದು ಹೋಗಿ, ಹೇಳಿದವರನ್ನು ಕೊಂದು ಬರುತ್ತಾನೆ. ಅವನ ಮಿದುಳಿನಲ್ಲಿ ಅಕ್ಕಿಕಾಳಿನಷ್ಟು ಚಿಪ್ ಅಡಗಿರುತ್ತದೆ. ಇಂಥ ಚಿತ್ರಗಳು ಹೊಸವಲ್ಲ. 1974ರ ‘ದಿ ಟರ್ಮಿನಲ್ ಮ್ಯಾನ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಮಿದುಳಿಗೆ ತಂತಿ ಇಡಿಸಿಕೊಂಡ ರೋಗಿ ಹಿಂಸೆಗೆ ಇಳಿಯುತ್ತಾನೆ. 2019ರ ತೆಲುಗು ಚಿತ್ರ ‘ಇಸ್ಮಾರ್ಟ್ ಶಂಕರ್’ನಲ್ಲಿ ಒಬ್ಬನ ನೆನಪುಗಳನ್ನು ಇನ್ನೊಬ್ಬನ ತಲೆಗೆ ತುಂಬುತ್ತಾರೆ. ಮನೆಮಂದಿಯೆಲ್ಲ ಕುಳಿತು ನೋಡುವಾಗ ‘ಇದು ನಿಜವಾಗಿಯೂ ಆಗುತ್ತದೆಯೇ?’ ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ.

ಮಿದುಳಿನಲ್ಲಿ ತಂತಿ ಇಡುವುದು ನಿಜ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ಮಾತ್ರೆಗಳಿಂದ ಸಾಕಷ್ಟು ಹಿಡಿತ ಸಿಗದಾಗ, ಆಯ್ದ ಕೆಲವು ರೋಗಿಗಳಿಗೆ ವೈದ್ಯರು ಮಿದುಳಿನ ಆಳಕ್ಕೆ ಒಂದೂಕಾಲು ಮಿಲಿಮೀಟರಿನಷ್ಟು ದಪ್ಪದ ತಂತಿ ಇಳಿಸುತ್ತಾರೆ. ಅದರ ಇನ್ನೊಂದು ತುದಿ ಚರ್ಮದಡಿಯಲ್ಲೇ ಸಾಗಿ, ಎದೆಯ ಮೇಲ್ಭಾಗದಲ್ಲಿ ಇರಿಸಿದ ಬ್ಯಾಟರಿಯ ಪೆಟ್ಟಿಗೆಗೆ ಸೇರುತ್ತದೆ. ಅಲ್ಲಿಂದ ಸೆಕೆಂಡಿಗೆ ಸುಮಾರು 130 ಬಾರಿ ಸಣ್ಣ ವಿದ್ಯುತ್ ಮಿಡಿತ ಹೋಗುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಬಿದ್ 1987ರಲ್ಲಿ ಆರಂಭಿಸಿದ ವಿಧಾನವಿದು. ರೋಗ ಇದರಿಂದ ಗುಣವಾಗದು, ಲಕ್ಷಣಗಳು ತಗ್ಗುತ್ತವೆ. ಖರ್ಚು ಮಾತ್ರ ಹಲವು ಲಕ್ಷ ರೂಪಾಯಿ.

ತಂತಿ ಇಡುವಾಗ ಅನೇಕ ವೇಳೆ ರೋಗಿ ಎಚ್ಚರವಾಗಿಯೇ ಇರುತ್ತಾನೆಂದರೆ ನೀವು ನಂಬಲಿಕ್ಕಿಲ್ಲ. ಮಿದುಳಿಗೆ ನೋವಿನ ಅರಿವಿಲ್ಲ. ‘ಕೈ ಎತ್ತಿ, ಬೆರಳು ಆಡಿಸಿ’ ಎಂದು ಕೇಳುತ್ತಲೇ ವೈದ್ಯರು ಸರಿಯಾದ ಜಾಗ ಹುಡುಕುತ್ತಾರೆ. 2017ರ ಜುಲೈನಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ, ಬೆರಳು ಸೆಡೆತುಕೊಂಡಿದ್ದ ಸಂಗೀತಗಾರರೊಬ್ಬರು ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗಲೇ ಗಿಟಾರ್ ನುಡಿಸಿದ್ದು ಸುದ್ದಿಯಾಗಿತ್ತು. (ಅಲ್ಲಿ ತಂತಿ ಬಿಟ್ಟುಬರಲಿಲ್ಲ, ತೊಂದರೆ ಕೊಡುತ್ತಿದ್ದ ಚುಕ್ಕೆಯಷ್ಟು ಜಾಗವನ್ನು ಶಾಖದಿಂದ ಸುಟ್ಟರು.)

ಹಾಗಾದರೆ ಇದೇ ತಂತಿಯಿಂದ ಆಲೋಚನೆಯನ್ನೂ ತುಂಬಬಹುದಲ್ಲವೇ? ಸವದತ್ತಿ ಕಡೆಯವರಿಗೆ ನವಿಲುತೀರ್ಥದ ಅಣೆಕಟ್ಟು ಗೊತ್ತು. ಗೇಟು ಎತ್ತಿ ಇಳಿಸಿ ಎಡದಂಡೆ, ಬಲದಂಡೆ ಕಾಲುವೆಗಳಿಗೆ ಎಷ್ಟು ನೀರು ಬಿಡಬೇಕೆಂಬುದನ್ನು ಅಲ್ಲಿ ನಿರ್ಧರಿಸಬಹುದು. ಆದರೆ ಕೆಳಗಿನ ಹೊಲದಲ್ಲಿ ಜೋಳ ಬಿತ್ತಬೇಕೋ ಕಬ್ಬು ಹಚ್ಚಬೇಕೋ ಎಂಬುದನ್ನು ಗೇಟು ಹೇಳಲಾರದು. ತಂತಿಯ ಕೆಲಸವೂ ಅಷ್ಟೇ. ಒಂದು ಆಲೋಚನೆ ಕೋಟ್ಯಂತರ ನರಕೋಶಗಳ ಹೆಣಿಗೆ; ಅದನ್ನು ಹೊರಗಿನಿಂದ ಬರೆಯುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲ. 1963ರಲ್ಲಿ ಸ್ಪೇನಿನಲ್ಲಿ ವಿಜ್ಞಾನಿ ಡೆಲ್ಗಾಡೋ, ನುಗ್ಗಿ ಬರುತ್ತಿದ್ದ ಗೂಳಿಯನ್ನು ರೇಡಿಯೋ ಗುಂಡಿ ಒತ್ತಿ ನಿಲ್ಲಿಸಿದಾಗ ಜಗತ್ತು ಬೆರಗಾಯಿತು. ಗೂಳಿಯ ಸಿಟ್ಟು ಇಳಿಯಲಿಲ್ಲ, ಅದರ ಚಲನೆಯಷ್ಟೇ ತಪ್ಪಿತು ಎಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದರು. 2024ರಲ್ಲಿ ನ್ಯೂರಾಲಿಂಕ್ ಕಂಪನಿ ಮನುಷ್ಯನಿಗೆ ಇಟ್ಟ ಚಿಪ್ಪಿನ ದಿಕ್ಕೇ ಬೇರೆ: ಕೈಕಾಲು ಸ್ವಾಧೀನವಿಲ್ಲದವರ ಇಚ್ಛೆಯನ್ನು ಹೊರಗಿನ ಕಂಪ್ಯೂಟರಿಗೆ ಮುಟ್ಟಿಸುವುದು ಅದರ ಕೆಲಸ.

ಆದರೂ ಮನಸ್ಸಿನ ಮೇಲೆ ಏನೂ ಆಗದು ಎಂದರೆ ತಪ್ಪಾದೀತು. ತಂತಿ ಇಡಿಸಿಕೊಂಡ ಕೆಲವರಲ್ಲಿ ಅತಿ ಉತ್ಸಾಹ, ದುಡುಕು ಅಥವಾ ಖಿನ್ನತೆ ಕಂಡುಬಂದದ್ದುಂಟು. ಮಿಡಿತದ ಪ್ರಮಾಣ ಬದಲಿಸಿ, ಔಷಧಿ ಹೊಂದಿಸಿ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಸ್ವಭಾವ ಬದಲಾದುದನ್ನು ಮೊದಲು ಗಮನಿಸುವವರು ಮನೆಯವರೇ; ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿ.

ಈಗ ಇನ್ನೊಂದು ಮಾತು. ಈ ಲೇಖನ ಬರೆಯಲು ಕಾರಣವೂ ಅದೇ. ‘ಅವ್ವಾ, ನನ್ನ ತಲ್ಯಾಗ ಚಿಪ್ ಇಟ್ಟಾರ, ನಾ ಏನ್ ವಿಚಾರ ಮಾಡ್ತೀನಿ ಅವರಿಗೆಲ್ಲ ಗೊತ್ತಾಗ್ತೈತಿ’ ಎಂದು ನಿಮ್ಮ ಮನೆಯ ಹುಡುಗನೇ ಹೇಳಿದರೆ? ಸಿನಿಮಾ ನೋಡಿ ತಲೆ ಕೆಟ್ಟಿತೆಂದು ನಗಬೇಡಿ. ತನ್ನ ಮನಸ್ಸನ್ನು ಹೊರಗಿನವರು ಆಳುತ್ತಿದ್ದಾರೆಂಬ ಅಚಲ ನಂಬಿಕೆ ಸ್ಕಿಜೋಫ್ರೀನಿಯಾ ಅಥವಾ ಇಚ್ಛಿತ್ತ ವಿಕಲತೆಯ ಮುಖ್ಯ ಲಕ್ಷಣಗಳಲ್ಲೊಂದು. ಗಾಂಜಾದಂಥ ಚಟದಿಂದಲೂ ಬರಬಹುದು. ಹಿಂದೆ ಇದೇ ರೋಗಿಗಳು ಮಾಟ ಮಾಡಿಸಿದ್ದಾರೆ ಎನ್ನುತ್ತಿದ್ದರು, ಆಮೇಲೆ ರೇಡಿಯೋ, ಟಿ.ವಿ. ಎಂದರು, ಈಗ ಚಿಪ್ ಎನ್ನುತ್ತಾರೆ. ರೋಗ ಹಳೆಯದೇ, ಅದು ತೊಡುವ ವೇಷ ಕಾಲಕ್ಕೆ ತಕ್ಕಂತೆ. ಹದಿಹರೆಯ ಕಳೆಯುವ ಹೊತ್ತಿನಿಂದ ಇಪ್ಪತ್ತೈದು ಮೂವತ್ತರ ಒಳಗೆ ಹೆಚ್ಚಾಗಿ ಶುರುವಾಗುತ್ತದೆ.

ಚಿಪ್ ಇಲ್ಲವೆಂದು ವಾದಿಸಿ ಗೆಲ್ಲಲಾಗದು, ಸ್ಕ್ಯಾನ್ ತೋರಿಸಿದರೂ ನಂಬಿಕೆ ಹೋಗದು. ಹಾಗೆಂದು ‘ಹೌದು’ ಎಂದು ತಲೆಯಾಡಿಸಲೂಬೇಡಿ. ‘ನಿನಗೆ ಹೆದರಿಕೆ ಆಗ್ಯೇತಿ, ನಿದ್ದಿ ಬರವಲ್ದು, ಅದಕ್ಕಾದರೂ ಡಾಕ್ಟರ್‌ಗೆ ತೋರಿಸೋಣು’ ಎಂದರೆ ಎಷ್ಟೋ ಬಾರಿ ಒಪ್ಪುತ್ತಾರೆ. ಎಲ್ಲಮ್ಮನಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ, ಆದರೆ ಚಿಕಿತ್ಸೆ ಅದಕ್ಕಾಗಿ ಕಾಯದಿರಲಿ. ತಡವಾದಷ್ಟೂ ಗುಣವಾಗುವುದು ಕಷ್ಟ. ಔಷಧಿಯ ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕು, ಅರ್ಧಕ್ಕೆ ಬಿಟ್ಟರೆ ರೋಗ ಮರಳುತ್ತದೆ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಯಾರಿಗೂ ಹೇಳಲಾಗದೆ ಒದ್ದಾಡುತ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು. ರೋಗಿ ಊಟ ನಿದ್ರೆ ಬಿಟ್ಟಿದ್ದರೆ, ‘ಸಾಯಬೇಕು’ ಎನ್ನುತ್ತಿದ್ದರೆ ಅಥವಾ ಚಿಪ್ ತೆಗೆಯುತ್ತೇನೆಂದು ತಲೆಗೆ ಗಾಯ ಮಾಡಿಕೊಳ್ಳಹೊರಟರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.