ಓಡಿದ ಮೇಲೆ ಏರುವ ಟ್ರೋಪೋನಿನ್: ಗಾಬರಿ ಬೇಡ, ಅಲಕ್ಷ್ಯವೂ ಬೇಡ

ಸೊಲ್ಲಾಪುರ: ಪೊಲೀಸ್ ಭರತಿ, ಸೈನ್ಯ ಭರತಿ ಬಂತೆಂದರೆ ಅಕ್ಕಲಕೋಟ, ಜತ್ತ ಭಾಗದ ತರುಣರು ನಸುಕಿನಲ್ಲೇ ಎದ್ದು ಓಟದ ತಯಾರಿಗೆ ಇಳಿಯುತ್ತಾರೆ. ಮಹಾರಾಷ್ಟ್ರ ಪೊಲೀಸ್ ಭರತಿಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್ ಓಟವಿದೆ. ಇತ್ತ ಆಷಾಢ ವಾರಿಗೆ ವಯಸ್ಸಾದವರೂ ದಿನವಿಡೀ ನಡೆದು ಪಂಢರಪುರ ಸೇರುತ್ತಾರೆ.

ಇಂಥವರಲ್ಲಿ ಯಾರಿಗಾದರೂ ಎದೆ ಹಿಡಿದಂತಾಗಿ ದವಾಖಾನೆಗೆ ಹೋದರೆ ಇಸಿಜಿ ಜೊತೆ ಡಾಕ್ಟರು ಬರೆದುಕೊಡುವ ರಕ್ತ ಪರೀಕ್ಷೆ ಟ್ರೋಪೋನಿನ್. ರಿಪೋರ್ಟಿನಲ್ಲಿ ಅಂಕಿ ಹೆಚ್ಚು ಬಂತೆಂದರೆ 'ಅಟ್ಯಾಕ್ ಆಗೇದಂತ' ಎಂದು ಮನೆ ಮಂದಿಯೆಲ್ಲ ಗಾಬರಿ. ಆದರೆ ಜೋರಾಗಿ ಓಡಿದ ಆರೋಗ್ಯವಂತರ ರಕ್ತದಲ್ಲೂ ಈ ಅಂಕಿ ಏರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಏನಿದು ಟ್ರೋಪೋನಿನ್?

ಹೃದಯದ ಸ್ನಾಯು ಕುಗ್ಗಿ ಹಿಗ್ಗಲು ಬೇಕಾದ ಪ್ರೋಟೀನು ಇದು. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಹೃದಯಾಘಾತದಲ್ಲಿ ಏರಿದ ಟ್ರೋಪೋನಿನ್ ವಾರ, ಹತ್ತು ದಿನದವರೆಗೂ ಇಳಿಯದೆ ಉಳಿಯಬಹುದು. ದೀರ್ಘ ಓಟದ ನಂತರ ಏರುವುದು ಸಾಮಾನ್ಯವಾಗಿ ಮೂರು-ನಾಲ್ಕು ತಾಸಿನಲ್ಲಿ ತುದಿ ಮುಟ್ಟಿ, ಒಂದರಿಂದ ಮೂರು ದಿನದೊಳಗೆ ಮೊದಲಿನಂತಾಗುತ್ತದೆ. ಹೃದಯದ ಗೋಡೆ ಹೆಚ್ಚು ಹಿಗ್ಗಿದಾಗ ಏರುವ ಎನ್‌ಟಿ-ಪ್ರೊಬಿಎನ್‌ಪಿ ಎಂಬ ಇನ್ನೊಂದು ಸೂಚಕವೂ ದೀರ್ಘ ಶ್ರಮದ ನಂತರ ಹೆಚ್ಚಾಗುತ್ತದೆ.

ಮಕ್ಕಳಲ್ಲೂ ಏರಿಕೆ

ಮಕ್ಕಳ ಹೃದಯವೂ ಇದಕ್ಕೆ ಹೊರತಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು 14 ವರ್ಷದ 13 ಹುಡುಗರು ಹಾಗೂ 13 ವಯಸ್ಕ ಓಟಗಾರರು ಟ್ರೆಡ್‌ಮಿಲ್ ಮೇಲೆ 90 ನಿಮಿಷ ಓಡಿದರು. ಎರಡೂ ಗುಂಪಿನಲ್ಲಿ ಟ್ರೋಪೋನಿನ್ ಏರಿತು, ಹುಡುಗರಲ್ಲಿ ಏರಿಕೆ ಇನ್ನೂ ಹೆಚ್ಚಿತ್ತು. ಮರುದಿನದ ಹೊತ್ತಿಗೆ ಇಳಿದಿತ್ತು. ವಯಸ್ಸಿನ ಈ ವ್ಯತ್ಯಾಸ ಎಲ್ಲ ಅಧ್ಯಯನಗಳಲ್ಲೂ ಕಂಡಿಲ್ಲ. ಆದರೆ ಆರೋಗ್ಯವಂತ ಮಕ್ಕಳಲ್ಲಿ ಏರಿ ಬೇಗ ಇಳಿಯುವುದು ಫುಟ್‌ಬಾಲ್, ಈಜು ಆಡುವವರಲ್ಲೂ ಕಂಡುಬಂದಿದೆ. ಇದನ್ನು ಕೇಳಿ ಮಕ್ಕಳ ಆಟ ಬಿಡಿಸುವ ಅಗತ್ಯವಿಲ್ಲ.

ತಾಲೀಮು ಕಡಿಮೆ, ಭಾರ ಹೆಚ್ಚು

2004 ಮತ್ತು 2005ರ ಬೋಸ್ಟನ್ ಮ್ಯಾರಥಾನಿನಲ್ಲಿ ಓಡಿದ 60 ಹವ್ಯಾಸಿ ಓಟಗಾರರನ್ನು ಅಮೆರಿಕದ ವೈದ್ಯರು ಪರೀಕ್ಷಿಸಿದ್ದರು. ಶೇ. 60ಕ್ಕಿಂತ ಹೆಚ್ಚು ಜನರಲ್ಲಿ ಟ್ರೋಪೋನಿನ್ ಸಾಮಾನ್ಯ ಮಿತಿ ದಾಟಿತ್ತು. ವಾರಕ್ಕೆ ಸುಮಾರು 56 ಕಿ.ಮೀ. ಅಥವಾ ಅದಕ್ಕೂ ಕಡಿಮೆ ಓಡಿ ತಯಾರಾದವರಲ್ಲಿ ಏರಿಕೆ ಜಾಸ್ತಿ, 72 ಕಿ.ಮೀ.ಗಿಂತ ಹೆಚ್ಚು ಓಡಿದವರಲ್ಲಿ ಕಡಿಮೆ. ಭರತಿ ಜಾಹೀರಾತು ಬಂದ ಮೇಲೆ ಒಮ್ಮೆಲೇ ಮೈದಾನಕ್ಕೆ ಇಳಿಯುವವರು ಇದನ್ನು ನೆನಪಿಡಬೇಕು.

'ನಡದ್ರ ಏನಾಗ್ತದ' ಎನ್ನುವ ಹಿರಿಯರಿಗೂ ಇಲ್ಲೊಂದು ಪಾಠವಿದೆ. ನೆದರ್ಲೆಂಡ್ಸಿನಲ್ಲಿ 30ರಿಂದ 55 ಕಿ.ಮೀ. ನಡೆದ 725 ಜನರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 9 ಜನರ ಟ್ರೋಪೋನಿನ್ ಮಿತಿ ಮೀರಿತ್ತು. ಮುಂದಿನ ಮೂರೂವರೆ ವರ್ಷದಲ್ಲಿ ಈ ಗುಂಪಿನ ಶೇ. 27 ಜನ ತೀರಿಕೊಂಡರು ಇಲ್ಲವೇ ದೊಡ್ಡ ಹೃದಯ ತೊಂದರೆಗೆ ಒಳಗಾದರು. ಉಳಿದವರಲ್ಲಿ ಈ ಪ್ರಮಾಣ ಶೇ. 7 ಮಾತ್ರ. ಅಂದರೆ ವಯಸ್ಸಾದವರಲ್ಲಿ ಏರಿದ ಅಂಕಿಯ ಹಿಂದೆ ಅಡಗಿದ ಹೃದ್ರೋಗ ಇರಬಹುದು. ಅದಕ್ಕೇ ಬಿಪಿ, ಸಕ್ಕರೆ ಕಾಯಿಲೆ ಇದ್ದವರು ವಾರಿಗೆ ಹೊರಡುವ ಮುಂಚೆ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು.

ಡಾಕ್ಟರಿಗೆ ಏನು ಹೇಳಬೇಕು?

ಪರೀಕ್ಷೆಗೆ ಮುಂಚೆ ಎಷ್ಟು ದೂರ, ಎಷ್ಟು ಹೊತ್ತಿನ ಹಿಂದೆ ಓಡಿದ್ದು ಅಥವಾ ನಡೆದದ್ದು ಎಂದು ಮರೆಯದೆ ಹೇಳಬೇಕು. ಒಂದೇ ರಿಪೋರ್ಟಿನಿಂದ ನಿರ್ಧಾರ ಆಗುವುದಿಲ್ಲ. ಕೆಲವು ತಾಸಿನ ಅಂತರದಲ್ಲಿ ಮತ್ತೆ ರಕ್ತ ಪರೀಕ್ಷಿಸಿ, ಇಸಿಜಿ ಮತ್ತು ಲಕ್ಷಣಗಳ ಜೊತೆ ತಾಳೆ ನೋಡುತ್ತಾರೆ. ಸಿಕೆ-ಎಂಬಿ ಎಂಬ ಹಳೆಯ ಪರೀಕ್ಷೆಯಾದರೆ ಕಾಲಿನ ಸ್ನಾಯು ದಣಿದರೂ ಏರಬಹುದು.

ಆದರೆ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ಓಡುವಾಗ ಕಣ್ಣು ಕತ್ತಲೆ ಬಂದು ಬೀಳುವುದು ಕಂಡರೆ 'ಓಡಿದ್ದಕ್ಕ ಹಂಗ ಆಗೇದ' ಎಂದು ಮನೆಯಲ್ಲಿ ಕೂರಬಾರದು. ವಯಸ್ಸು ಎಷ್ಟೇ ಇರಲಿ, ತಕ್ಷಣ 108ಕ್ಕೆ ಫೋನ್ ಮಾಡಬೇಕು. ಟ್ರೋಪೋನಿನ್ ಏರಿಕೆ ಓಟದಿಂದಲೋ ಆಘಾತದಿಂದಲೋ ಎಂದು ಹೇಳಬೇಕಾದವರು ಡಾಕ್ಟರು.