ಕಿರುಕೇಂದ್ರ ಪರೀಕ್ಷೆ

ಕಿರುಕೇಂದ್ರ ಪರೀಕ್ಷೆ ಅಥವಾ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ ಎಂಬುದು ಔಷಧ ಮೊದಲಾದ ರಾಸಾಯನಿಕಗಳು ಜೀವಕೋಶದ ವರ್ಣತಂತುಗಳಿಗೆ ಹಾನಿ ಮಾಡುತ್ತವೆಯೇ ಎಂಬುದನ್ನು ಪತ್ತೆಹಚ್ಚುವ ವಿಧಾನವಾಗಿದೆ. ಹೊಸ ಔಷಧಗಳ ಸುರಕ್ಷತೆಯನ್ನು ಅಳೆಯಲು ಇದನ್ನು ಪ್ರಾಣಿಗಳಲ್ಲಿಯೂ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿಯೂ ನಡೆಸಲಾಗುತ್ತದೆ.

ಕಿರುಕೇಂದ್ರ ಉಂಟಾಗುವ ಬಗೆ

ಕೋಶವು ವಿಭಜನೆಗೊಳ್ಳುವಾಗ ವರ್ಣತಂತುಗಳು ಸೆಂಟ್ರೊಮಿಯರ್ ಎಂಬ ಭಾಗದ ಮೂಲಕ ಸೂಕ್ಷ್ಮ ಎಳೆಗಳಿಗೆ ಅಂಟಿಕೊಂಡು ಎರಡು ತುದಿಗಳತ್ತ ಸಾಗುತ್ತವೆ. ಮುರಿದ ವರ್ಣತಂತುವಿನ ಚೂರಿನಲ್ಲಿ ಸೆಂಟ್ರೊಮಿಯರ್ ಇಲ್ಲದಿದ್ದರೆ ಅದು ಹಿಂದುಳಿಯುತ್ತದೆ. ಕಾಲ್ಚಿಸಿನ್‌ನಂತಹ ವಸ್ತುವು ಎಳೆಗಳನ್ನೇ ಕೆಡಿಸಿದರೆ ಇಡೀ ವರ್ಣತಂತುವೇ ಹಿಂದುಳಿಯಬಹುದು. ಹೀಗೆ ಉಳಿದುದರ ಸುತ್ತ ಪೊರೆ ಬೆಳೆದು, ಮುಖ್ಯ ಕೋಶಕೇಂದ್ರದ ಪಕ್ಕದಲ್ಲಿ ಒಂದು ಪುಟ್ಟ ಕೇಂದ್ರ ಉಂಟಾಗುತ್ತದೆ. ಅದರಲ್ಲಿ ಸೆಂಟ್ರೊಮಿಯರ್ ಇದೆಯೇ ಎಂದು ನೋಡಿ ಹಾನಿ ಯಾವ ಬಗೆಯದೆಂದು ತಿಳಿಯಬಹುದು.

ವಿಧಾನ

ಕೆಂಪು ರಕ್ತಕಣಗಳಲ್ಲಿನ ಇಂತಹ ಚುಕ್ಕೆಗಳು ರಕ್ತಶಾಸ್ತ್ರಜ್ಞರಿಗೆ ಹೋವೆಲ್-ಜಾಲಿ ಕಣಗಳೆಂದು ಮೊದಲೇ ಪರಿಚಿತವಾಗಿದ್ದವು. 1970ರ ದಶಕದ ಮೊದಲ ಭಾಗದಲ್ಲಿ ವರ್ನರ್ ಶ್ಮಿಡ್ ಮತ್ತು ಜಾನ್ ಹೆಡಲ್ ಇವನ್ನು ವರ್ಣತಂತು ಹಾನಿಯ ಅಳತೆಗೋಲಾಗಿ ಬಳಸಿದರು. ಇದರ ಅನುಕೂಲ ರಕ್ತಕಣದ ಬೆಳವಣಿಗೆಯಲ್ಲಿಯೇ ಇದೆ. ಸಸ್ತನಿಗಳ ಅಸ್ಥಿಮಜ್ಜೆಯಲ್ಲಿ ಕೆಂಪು ಕಣ ಪಕ್ವವಾಗುವಾಗ ತನ್ನ ಮುಖ್ಯ ಕೇಂದ್ರವನ್ನು ಹೊರಹಾಕುತ್ತದೆ. ಕಿರುಕೇಂದ್ರವು ಮಾತ್ರ ಒಳಗೇ ಉಳಿದುಬಿಡುತ್ತದೆ. ಖಾಲಿಯಾದ ಕಣದಲ್ಲಿ ಅದನ್ನು ಗುರುತಿಸುವುದು ಸುಲಭ. ಇಲಿಗೆ ಔಷಧ ನೀಡಿ, ನಿಗದಿತ ಅವಧಿಯ ನಂತರ ಮಜ್ಜೆಯ ಲೇಪವನ್ನು ಗಾಜಿನ ಮೇಲೆ ತಯಾರಿಸಿ, ಬಣ್ಣ ಹಾಕಿ, ಎಳೆಯ ಕಣಗಳನ್ನು ಎಣಿಸಲಾಗುತ್ತದೆ. ಅಕ್ರಿಡಿನ್ ಆರೆಂಜ್ ಬಳಸಿದರೆ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಎಳೆಯ ಕಣಗಳು ಕೆಂಪಾಗಿಯೂ ಕಿರುಕೇಂದ್ರಗಳು ಹಸಿರು ಮಿಶ್ರಿತ ಹಳದಿಯಾಗಿಯೂ ಹೊಳೆಯುತ್ತವೆ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಒಂದು ಗುಂಪಿಗೆ ಹಾನಿಕಾರಕವೆಂದು ಮೊದಲೇ ಗೊತ್ತಿರುವ ವಸ್ತುವನ್ನು, ಉದಾಹರಣೆಗೆ ಕ್ಯಾನ್ಸರ್ ಔಷಧವಾದ ಸೈಕ್ಲೊಫಾಸ್ಫಮೈಡನ್ನು, ಕೊಡುವುದುಂಟು.

ಬೆಳೆಸಿದ ಕೋಶಗಳಲ್ಲಿ ಎಣಿಸುವಾಗ ಬೇರೊಂದು ತೊಡಕಿದೆ: ವಿಭಜನೆಗೊಳ್ಳದ ಕೋಶದಲ್ಲಿ ಹೊಸ ಕಿರುಕೇಂದ್ರ ಉಂಟಾಗುವುದಿಲ್ಲ. ಇದಕ್ಕೆ ಮೈಕೆಲ್ ಫೆನೆಕ್ ಮತ್ತು ಅಲೆಕ್ ಮಾರ್ಲಿ 1985ರಲ್ಲಿ ಪರಿಹಾರ ಸೂಚಿಸಿದರು. ಸೈಟೊಕಲಾಸಿನ್-ಬಿ ಸೇರಿಸಿದಾಗ ಕೇಂದ್ರವು ಎರಡಾದರೂ ಕೋಶ ಬೇರ್ಪಡುವುದಿಲ್ಲ. ಆದ್ದರಿಂದ ಎರಡು ಕೇಂದ್ರಗಳುಳ್ಳ ಕೋಶಗಳನ್ನಷ್ಟೇ ಎಣಿಸಿದರೆ ಸಾಕು.

ಮಿತಿಗಳು

ಫಲಿತಾಂಶ ನಕಾರಾತ್ಮಕವಾಗಿದೆ ಎಂದ ಮಾತ್ರಕ್ಕೆ ಔಷಧ ನಿರಪಾಯಕಾರಿ ಎನ್ನಲಾಗದು. ಅದು ಮಜ್ಜೆಯನ್ನು ತಲುಪಿತ್ತೆಂಬುದಕ್ಕೆ ಪುರಾವೆ ಬೇಕು. ಔಷಧದಿಂದ ಪ್ರಾಣಿಯ ದೇಹದ ಉಷ್ಣತೆ ಬಹಳ ಏರಿದರೂ ಇಳಿದರೂ ವಂಶವಾಹಿಗೆ ನೇರ ಹಾನಿಯಿಲ್ಲದೆಯೇ ಕಿರುಕೇಂದ್ರಗಳು ಹೆಚ್ಚಬಹುದು. ವರ್ಣತಂತು ಮುರಿಯದೆ ಡಿಎನ್‌ಎಯ ಒಂದೆರಡು ಅಕ್ಷರಗಳಷ್ಟೇ ಬದಲಾಗುವ ವ್ಯತ್ಯಯಗಳು ಈ ಪರೀಕ್ಷೆಗೆ ಸಿಗುವುದಿಲ್ಲ. ಅವುಗಳಿಗಾಗಿ ಬ್ಯಾಕ್ಟೀರಿಯಾಗಳನ್ನು ಬಳಸುವ ಏಮ್ಸ್ ಪರೀಕ್ಷೆಯನ್ನು ನಡೆಸಲಾಗುತ್ತದೆ.